‘ಸ್ಟಾಕ್ ಇಲ್ಲ’ ಎನ್ನುವ ಕೆಲಸ

2021ರ ಮೇ 17, ಸೋಮವಾರ. ಪುಣೆಯಲ್ಲಿ ಎರಡನೇ ಅಲೆಯ ಬಂದ್. ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಎರಡು ಲ್ಯಾಪ್‌ಟಾಪ್. ಒಂದರಲ್ಲಿ ಕೋವಿನ್ ತೆರೆದುಕೊಂಡು ನಾನು ಧಾರವಾಡ ಜಿಲ್ಲೆಯ ಪಟ್ಟಿ ನೋಡುತ್ತ ಕೂತಿದ್ದೆ. ಊರಲ್ಲಿದ್ದ ಅವ್ವನಿಗೆ ಕೋವ್ಯಾಕ್ಸಿನ್ ಎರಡನೇ ಡೋಸ್ ಬೇಕಿತ್ತು. ಇನ್ನೊಂದರ ಮುಂದೆ ಹನ್ನೊಂದು ವರ್ಷದ ಮಗ. ಮಧ್ಯಾಹ್ನ 12ಕ್ಕೆ ಪ್ಲೇಸ್ಟೇಷನ್ 5ರ ಮುಂಗಡ ಬುಕಿಂಗ್ ತೆರೆಯುವುದಿತ್ತು. ಅದು ಭಾರತಕ್ಕೆ ಬಂದಿದ್ದು ಫೆಬ್ರವರಿ 2ರಂದು. ಅದರ ಬುಕಿಂಗ್ ಜನವರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗಿತ್ತು. ಇದು ಎರಡನೇ ಅವಕಾಶ.

ಮಗ ನನ್ನ ಕೋವಿನ್ ಕಸರತ್ತನ್ನು ಹದಿನೈದು ದಿನದಿಂದ ನೋಡಿ ನೋಡಿ ಪಳಗಿದ್ದ. ವಿಳಾಸ ಮೊದಲೇ ತುಂಬಿಟ್ಟಿದ್ದ, ನನ್ನ ಕಾರ್ಡಿನ ನಂಬರ್ ಬಾಯಿಪಾಠ ಮಾಡಿದ್ದ. (ಇದು ನನಗೆ ಅಂದೇ ಗೊತ್ತಾಗಿದ್ದು.) 12 ಗಂಟೆಗೆ ಪುಟ ತಿರುಗತೊಡಗಿತು. ತಿರುಗಿತು, ತಿರುಗಿತು. ಒಮ್ಮೆ ‘ಕಾರ್ಟ್‌ಗೆ ಸೇರಿಸಿ’ ಎಂದು ಕಾಣಿಸಿತು, ಒತ್ತಿದ. ಮತ್ತೆ ತಿರುಗಿತು. ಆಮೇಲೆ ‘ಔಟ್ ಆಫ್ ಸ್ಟಾಕ್’. ನನ್ನ ಪರದೆಯ ಮೇಲೂ ಧಾರವಾಡದ ಕೇಂದ್ರಗಳೆಲ್ಲ ಭರ್ತಿ.

ಮಗ ಅಳಲಿಲ್ಲ. ಅಳುವ ವಯಸ್ಸು ಮುಗಿದಿತ್ತು, ಅಳದೆ ಇರುವುದು ಹೇಗೆಂಬುದು ಇನ್ನೂ ಬಂದಿರಲಿಲ್ಲ. ನನಗೆ ಮಾತ್ರ ಸಣ್ಣ ನಗು ಬಂತು, ತಪ್ಪು ತಿಳಿಯಬೇಡಿ. ‘ಔಟ್ ಆಫ್ ಸ್ಟಾಕ್’ ಎಂದು ಹೇಳುವುದೇ ಪುಣೆಯಲ್ಲಿ ನನ್ನ ಮೊದಲ ನೌಕರಿಯಾಗಿತ್ತು.

ನಾನು ಧಾರವಾಡದಿಂದ ಬಿ.ಕಾಂ. ಮುಗಿಸಿಕೊಂಡು ಸ್ವಾರಗೇಟ್‌ನಲ್ಲಿ ಬಸ್ಸಿಳಿದದ್ದು 2007ರ ಜೂನ್‌ನಲ್ಲಿ. ಕಲ್ಯಾಣಿ ನಗರದ ಒಂದು ಕಾಲ್ ಸೆಂಟರ್ ಸೇರಿಕೊಂಡೆ. ಅಮೆರಿಕದ ಒಂದು ದೊಡ್ಡ ಅಂಗಡಿ ಸರಪಳಿಯ ಗಿರಾಕಿಗಳ ಫೋನ್ ತೆಗೆಯುವ ಕೆಲಸ. ಸಂಜೆ ಆರೂವರೆಗೆ ಶುರು, ನಸುಕಿನ ಮೂರೂವರೆಗೆ ಮುಕ್ತಾಯ. ದಸರೆವರೆಗೂ ವಾಷಿಂಗ್ ಮಷಿನ್ನಿನ ದೂರು, ಬಿಲ್ಲಿನ ಗೊಂದಲ. ನವೆಂಬರ್ ಬಂದಿದ್ದೇ ತಡ, ಪ್ರತಿ ಮೂರನೇ ಫೋನ್ ಒಂದೇ ಪ್ರಶ್ನೆ ಕೇಳತೊಡಗಿತು: ವೀ ಇದೆಯಾ?

ನಿಂಟೆಂಡೊ ವೀ. ನಾನು ಅದನ್ನು ಕಣ್ಣಿಂದ ನೋಡಿರಲಿಲ್ಲ. ಟ್ರೇನಿಂಗ್‌ನಲ್ಲಿ ಒಂದು ಕಪ್ಪು-ಬಿಳುಪು ಪ್ರಿಂಟ್‌ಔಟ್ ಕೊಟ್ಟಿದ್ದರು. ಅದರಲ್ಲಿ ಅದು ಡಬ್ಬಿಯಂತೆ ಕಾಣುತ್ತಿತ್ತು, ಪಕ್ಕದಲ್ಲೊಂದು ಟಿ.ವಿ. ರಿಮೋಟ್. ಆ ರಿಮೋಟನ್ನು ಬ್ಯಾಟಿನಂತೆ ಬೀಸಿದರೆ ಪರದೆಯ ಮೇಲಿನ ಮನುಷ್ಯನೂ ಬೀಸುತ್ತಾನೆ ಎಂದು ಕಲಿಸಿದ್ದರು. 2006ರ ನವೆಂಬರ್ 19ರಂದು ಅಮೆರಿಕದಲ್ಲಿ 249 ಡಾಲರಿಗೆ ಬಿಡುಗಡೆಯಾದದ್ದು. ಅದಕ್ಕೆ ಎರಡೇ ದಿನ ಮೊದಲು ಸೋನಿಯ ಪ್ಲೇಸ್ಟೇಷನ್ 3 ಬಂದಿತ್ತು, 499 ಮತ್ತು 599 ಡಾಲರಿಗೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಒಂದು ವರ್ಷ ಹಳೆಯದು. ಮೂವರ ಜಗಳದಲ್ಲಿ ತಾಂತ್ರಿಕವಾಗಿ ಅತಿ ದುರ್ಬಲ ಯಂತ್ರ ವೀ. ಸಿಗದೇ ಇದ್ದದ್ದೂ ಅದೇ.

ಮೊದಲ ವರ್ಷ ಕೊರತೆ ಇರುವುದು ಸಹಜ, ಅದು ಎರಡನೇ ಕ್ರಿಸ್ಮಸ್. ಅಷ್ಟು ಹೊತ್ತಿಗೆ ನಿಂಟೆಂಡೊ ತಿಂಗಳಿಗೆ 18 ಲಕ್ಷ ಯಂತ್ರ ತಯಾರಿಸುತ್ತಿದ್ದೇವೆ ಎನ್ನುತ್ತಿತ್ತು. ಆದರೂ ಕಪಾಟು ಖಾಲಿ. ಫೋನ್ ಮಾಡಿದವರಲ್ಲಿ ಅನೇಕರು, ‘ನೀವೇ ಬಚ್ಚಿಟ್ಟಿದ್ದೀರಿ, ಬೇಕೆಂದೇ ಕೊರತೆ ಮಾಡಿದ್ದೀರಿ’ ಎಂದು ಬೈಯುತ್ತಿದ್ದರು. ಆಗ ನಾನೂ ಅದನ್ನೇ ನಂಬಿದ್ದೆ. ಮುಂದೆ ಹಿಂಜವಡಿಯಲ್ಲಿ ದಾಸ್ತಾನು ಯೋಜನೆಯ ಕೆಲಸಕ್ಕೆ ಬಿದ್ದು ಹದಿನಾಲ್ಕು ವರ್ಷ ಅದೇ ಗಾಣ ಸುತ್ತಿದ ಮೇಲೆ ನಂಬಿಕೆ ಹೋಯಿತು. ಪ್ಲೇಸ್ಟೇಷನ್ 3 ಮಾರಿದಷ್ಟೂ ಸೋನಿಗೆ ಆಗ ನಷ್ಟವಿತ್ತು, ಆಟಗಳ ಮಾರಾಟದಲ್ಲಿ ತುಂಬಿಕೊಳ್ಳುವ ಲೆಕ್ಕ. ನಿಂಟೆಂಡೊ ಹಾಗಲ್ಲ, ಯಂತ್ರದ ಮೇಲೇ ಲಾಭ ಮಾಡುತ್ತಿತ್ತು. ಡಿಸೆಂಬರ್‌ನಲ್ಲಿ ಮಾರದೆ ಉಳಿದ ಒಂದೊಂದು ವೀ ಅದರ ಜೇಬಿನಿಂದಲೇ ಹೋದ ದುಡ್ಡು. ಬಚ್ಚಿಟ್ಟು ಅದಕ್ಕೇನು ಬರಬೇಕು? ವಿಷಯ ಇಷ್ಟೇ: ಕ್ರಿಸ್ಮಸ್‌ಗೆ ಎಷ್ಟು ಬೇಕೆಂದು ಬೇಸಿಗೆಯಲ್ಲೇ ಹೇಳಬೇಕು. ಬಿಡಿಭಾಗಕ್ಕೆ ಆರ್ಡರ್, ಕಾರ್ಖಾನೆಯಲ್ಲಿ ಸಾಲು, ಹಡಗಿನಲ್ಲಿ ಜಾಗ, ಪೆಸಿಫಿಕ್ ದಾಟಲು ವಾರಗಳು. ನವೆಂಬರ್‌ನಲ್ಲಿ ‘ಅಯ್ಯೋ ಇನ್ನೂ ಬೇಕಿತ್ತು’ ಎಂದು ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ. ಹಬ್ಬ ಮುಂದಕ್ಕೆ ಹೋಗುವುದಿಲ್ಲ. ಜಾಸ್ತಿ ಮಾಡಿಟ್ಟು ಜನವರಿಯಲ್ಲಿ ಗೋದಾಮು ತುಂಬಿ ಕೂತರೆ ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ಯೋಜನೆ ಮಾಡುವವನು ಯಾವಾಗಲೂ ಒಂದು ಹಿಡಿ ಕಡಿಮೆಯೇ ಹೇಳುತ್ತಾನೆ. ನಾನೂ ಹೇಳುತ್ತೇನೆ.

ನಮಗೆ ಬರೆದುಕೊಟ್ಟ ಮಾತು ಮೂರು ಮೆಟ್ಟಿಲಿನದು. ಮೊದಲು ಕ್ಷಮೆ. ಎರಡನೆಯದು, ಮುಂದಿನ ಲಾರಿ ಯಾವಾಗ ಎಂಬ ಮಾಹಿತಿ ನಮ್ಮಲ್ಲಿಲ್ಲ ಎನ್ನುವುದು. (ಕೆಲವೊಮ್ಮೆ ಪರದೆಯ ಮೇಲೆ ಇರುತ್ತಿತ್ತು, ಹೇಳುವಂತಿರಲಿಲ್ಲ.) ಮೂರನೆಯದು ಮುಖ್ಯ: ‘ಅದರ ಬದಲು ಎಕ್ಸ್‌ಬಾಕ್ಸ್ 360 ನೋಡುತ್ತೀರಾ? ಎರಡು ಆಟ ಸೇರಿಸಿಯೇ ಸಿಗುತ್ತದೆ.’ ಗಿರಾಕಿ ಒಪ್ಪಿದರೆ ನಮ್ಮ ಹೆಸರಿಗೆ ಒಂದು ಪಾಯಿಂಟ್. ನೂರು ಜನರಲ್ಲಿ ಹತ್ತು ಜನ ಒಪ್ಪಿದರೆ ನಮ್ಮ ತಂಡದಲ್ಲಿ ಅದು ಹಬ್ಬ.

ಒಬ್ಬ ಅಜ್ಜಿ ಒಪ್ಪಿದ್ದು ನೆನಪಿದೆ. ಓಹಾಯೋದವರು. ಆರು ವರ್ಷದ ಮೊಮ್ಮಗನಿಗೆ ‘ಆ ಬಿಳೀ ಮಷಿನ್’ ಬೇಕು ಎಂದರು. ನಾನು ಮೂರನೇ ಮೆಟ್ಟಿಲು ಹತ್ತಿದೆ. ‘ಮಗೂ, ಅದೂ ಇದೂ ಒಂದೇನಾ?’ ಎಂದು ಕೇಳಿದರು. ಅವರು ಕೇಳಿದ ರೀತಿ ನಮ್ಮ ಓಣಿಯ ಯಾವುದೋ ಆಯಿ ಔಷಧಿ ಅಂಗಡಿಯಲ್ಲಿ ಕೇಳಿದ ಹಾಗಿತ್ತು. ‘ಹೆಚ್ಚು ಕಡಿಮೆ ಒಂದೇ ಮ್ಯಾಮ್, ಇದರಲ್ಲಿ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದೆ’ ಎಂದೆ. ಎರಡನ್ನೂ ನೋಡದವನು! ಪಾಯಿಂಟ್ ಬಂತು.

ಅದೇ ವಾರ ಊರಿನಿಂದ ಅಣ್ಣನ ಫೋನ್. ಅಪ್ಪನಿಗೆ ಎದೆನೋವು, ಹುಬ್ಬಳ್ಳಿಗೆ ತಂದಿದ್ದೇವೆ, ಡಿಸೆಂಬರ್ 20ಕ್ಕೆ ಆಂಜಿಯೋಪ್ಲಾಸ್ಟಿ. ನಮಗೆ ನವೆಂಬರ್ ಕೊನೆಯಿಂದ ಜನವರಿ 5ರವರೆಗೆ ರಜೆ ಬಂದ್. ಕೇಳಿದೆ. ‘ಹೋಗು, ಆದರೆ ವಾಪಸ್ ಬಂದಾಗ ಕುರ್ಚಿ ಇರುತ್ತೆ ಅನ್ನೋ ಖಾತ್ರಿ ಇಲ್ಲ’ ಎಂಬ ಉತ್ತರ ಬಂತು. ಆರು ತಿಂಗಳ ನೌಕರಿ, ಅಪ್ಪನ ಆಸ್ಪತ್ರೆಯ ಖರ್ಚಿಗೆ ನನ್ನ ಸಂಬಳವೂ ಬೇಕು. ಅಪ್ಪನೇ ಫೋನ್ ಇಸಕೊಂಡು ‘ಬರಬ್ಯಾಡ, ಕೆಲಸ ನೋಡ್ಕೋ, ಇಲ್ಲಿ ಮಂದಿ ಅದಾರ’ ಅಂದ. ನಾನು ಹೋಗಲಿಲ್ಲ.

20ನೇ ತಾರೀಖು ಸಂಜೆ ಕೂತರೆ ಎಲ್ಲರದೂ ಹೊಸ ಪ್ರಶ್ನೆ. ಗೇಮ್‌ಸ್ಟಾಪ್ ಅಂಗಡಿಗಳು ನಿಂಟೆಂಡೊ ಜೊತೆ ಸೇರಿ ಒಂದು ಯೋಜನೆ ತಂದಿದ್ದವು. ಡಿಸೆಂಬರ್ 20 ಮತ್ತು 21, ಎರಡೇ ದಿನ, ಪೂರ್ತಿ 249.99 ಡಾಲರ್ ಕಟ್ಟಿದರೆ ಒಂದು ಚೀಟಿ ಕೊಡುತ್ತಾರೆ. ಜನವರಿಯೊಳಗೆ ಯಂತ್ರ. ಕ್ರಿಸ್ಮಸ್ ಬೆಳಗ್ಗೆ ಮಗುವಿನ ಕೈಗೆ ಕಾಗದ! ‘ನೀವೂ ಅಂಥ ಚೀಟಿ ಕೊಡುತ್ತೀರಾ?’ ಎಂದು ಸಾಲಾಗಿ ಕೇಳಿದರು. ನಾವು ಕೊಡುತ್ತಿರಲಿಲ್ಲ. ಅಪ್ಪ ಆಪರೇಷನ್ ಥಿಯೇಟರಿನಿಂದ ಹೊರಬಂದಿದ್ದಾನೋ ಇಲ್ಲವೋ ಗೊತ್ತಿಲ್ಲದೆ, ಮೊಬೈಲ್ ಲಾಕರಿನಲ್ಲಿಟ್ಟು, ಅಂದು ರಾತ್ರಿ ಊಟದ ಬಿಡುವಿನವರೆಗೆ ನಲವತ್ತಕ್ಕೂ ಹೆಚ್ಚು ಜನರಿಗೆ ‘ಇಲ್ಲ’ ಎಂದೆ. ಬಿಡುವಿನಲ್ಲಿ ಲಾಕರ್ ತೆರೆದಾಗ ಅಣ್ಣನ ಮೆಸೇಜ್ ಇತ್ತು, ‘ಎಲ್ಲಾ ಛಲೋ ಆತು’.

27ಕ್ಕೆ ನನ್ನ ಪಾಯಿಂಟುಗಳಲ್ಲಿ ಒಂದು ಕಡಿಮೆಯಾಯಿತು. ಯಾಕೆಂದು ತೆರೆದು ನೋಡಿದರೆ ಓಹಾಯೋದ ಅಜ್ಜಿ. ಯಂತ್ರ ವಾಪಸ್. ಷರಾದಲ್ಲಿ ಎರಡೇ ಸಾಲು: ಮಗು ಬೇರೆಯದನ್ನು ಕೇಳಿತ್ತು, ಡಬ್ಬಿ ಒಡೆದಿದೆ, ಶುಲ್ಕ ಕಡಿತ. ಶುಲ್ಕ ಎಷ್ಟೆಂದೂ ಬರೆದಿತ್ತು, ನಾನು ಅದನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕಿದ್ದು ನೆನಪಿದೆ.

ಜನವರಿ 6ಕ್ಕೆ ಊರಿಗೆ ಹೋದೆ. ಅಪ್ಪನದು ಧಾರವಾಡದಲ್ಲಿ ಸಣ್ಣ ಕಿರಾಣಿ ಅಂಗಡಿ. ಡಾಕ್ಟರು ಎರಡು ತಿಂಗಳು ಕೂರಬೇಡ ಅಂದಿದ್ದರೂ ಗಲ್ಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

‘ಅಲ್ಲಿ ಏನ್ ಕೆಲಸ ಮಾಡ್ತಿ?’ ಎಂದ.

ಹೇಳಿದೆ. ಅಂಗಡ್ಯಾಗ ಮಾಲ್ ಇಲ್ಲ, ಕೇಳಿದವರಿಗೆ ಇಲ್ಲ ಅಂತ ಹೇಳೋದು, ಬ್ಯಾರೆ ಮಾಲ್ ಒಯ್ಯಿರಿ ಅನ್ನೋದು.

‘ಇಲ್ಲ ಅನ್ನಾಕ ಅಷ್ಟು ಪಗಾರಾ?’ ಎಂದು ನಕ್ಕ. ಆಮೇಲೆ, ‘ಒಯ್ತಾರೇನು ಬ್ಯಾರೇದು?’

ಹತ್ತಕ್ಕೊಬ್ಬರು ಅಂದೆ.

‘ಸಕ್ಕರಿ ಇಲ್ಲಂದ್ರ ಬೆಲ್ಲ ಒಯ್ತಾರ. ಬೀಡಿ ಇಲ್ಲಂದ್ರ ಬ್ಯಾರೆ ಬೀಡಿ ಒಯ್ಯಂಗಿಲ್ಲ, ಬ್ಯಾರೆ ಅಂಗಡಿಗೆ ಹೋಗ್ತಾರ. ನಿಂದು ಸಕ್ಕರಿನೋ ಬೀಡಿನೋ ಮದಲ ನೋಡು.’

ಆಪರೇಷನ್‌ಗೆ ಬರಲಿಲ್ಲವೆಂಬ ಮಾತು ಅಪ್ಪ ಎತ್ತಲಿಲ್ಲ. 2015ರಲ್ಲಿ ತೀರಿಕೊಂಡ. ಅಲ್ಲಿಯವರೆಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಚಳಿಗಾಲದ ಅಂಕಿಗಳನ್ನು ಆಮೇಲೆ ಎಷ್ಟೋ ಸಲ ತಿರುವಿಹಾಕಿದ್ದೇನೆ. ಅಮೆರಿಕದ ಮಾರಾಟ ಲೆಕ್ಕ ಇಡುವ ಎನ್‌ಪಿಡಿ ಸಂಸ್ಥೆಯ ಪ್ರಕಾರ 2007ರ ಡಿಸೆಂಬರ್‌ನಲ್ಲಿ ವೀ ಮಾರಾಟವಾದದ್ದು ಸುಮಾರು 13.5 ಲಕ್ಷ, ಎಕ್ಸ್‌ಬಾಕ್ಸ್ 12.6 ಲಕ್ಷ, ಪ್ಲೇಸ್ಟೇಷನ್ 3 ಸುಮಾರು 8 ಲಕ್ಷ. ಇದನ್ನು ನೋಡಿ ವೀ ಸಿಗದವರು ಎಕ್ಸ್‌ಬಾಕ್ಸಿಗೆ ಹೋದರು ಎಂದು ಹೇಳಿಬಿಡಬಹುದು. ಸ್ವಲ್ಪ ಮಟ್ಟಿಗೆ ನಿಜವೂ ಇರಬೇಕು, ನಾವೇ ತಳ್ಳಿದೆವಲ್ಲ. ಆದರೆ ಜನವರಿ ನೋಡಿ: ವೀ 2.74 ಲಕ್ಷ, ಪ್ಲೇಸ್ಟೇಷನ್ 3 2.69 ಲಕ್ಷ, ಎಕ್ಸ್‌ಬಾಕ್ಸ್ 2.30 ಲಕ್ಷ. ಅಷ್ಟು ದಿನ ಹಿಂದೆ ಬಿದ್ದಿದ್ದ ಸೋನಿ ಮೈಕ್ರೋಸಾಫ್ಟನ್ನು ದಾಟಿತು. ಮೈಕ್ರೋಸಾಫ್ಟ್ ಕೊಟ್ಟ ಕಾರಣ ಕೇಳಿ ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕಿದ್ದೆವು. ಹಬ್ಬದಲ್ಲಿ ನಿರೀಕ್ಷೆಗಿಂತ ಹೆಚ್ಚು ಮಾರಿ ಈಗ ಸ್ಟಾಕ್ ಇಲ್ಲ! ಎದುರಾಳಿಯ ಕೊರತೆಯಲ್ಲಿ ಕೊಯ್ದ ಬೆಳೆ ಮುಂದಿನ ತಿಂಗಳು ತನ್ನದೇ ಕೊರತೆಯಾಗಿತ್ತು.

ಈಗ ನಗು ಬರುವುದಿಲ್ಲ, ಆ ಕಾರಣ ಸುಳ್ಳೇನೂ ಅಲ್ಲ. ಆದರೆ ಪೂರ್ತಿಯೂ ಅಲ್ಲ. ಜನವರಿ 4ರಂದು ವಾರ್ನರ್ ಚಿತ್ರಸಂಸ್ಥೆ ಇನ್ನು ಬ್ಲೂ-ರೇ ಡಿಸ್ಕ್ ಮಾತ್ರ ಎಂದು ಘೋಷಿಸಿತ್ತು. ಪ್ಲೇಸ್ಟೇಷನ್ 3 ಬ್ಲೂ-ರೇ ಪ್ಲೇಯರೂ ಹೌದು, ನವೆಂಬರಿನಿಂದ 399 ಡಾಲರಿನ ಮಾದರಿಯೂ ಬಂದಿತ್ತು. ಸೋನಿಯ ಜನವರಿಗೆ ಇವೂ ಕಾರಣ. ಒಂದು ತಿಂಗಳ ಅಂಕಿ ಹಿಡಿದು ಯಾರ ಕೊರತೆ ಯಾರಿಗೆ ಲಾಭವಾಯಿತೆಂದು ಹೇಳುವವರನ್ನು ಕಂಡರೆ ನನಗೆ ಅನುಮಾನ. ಖಾಲಿ ಕಪಾಟಿನ ತಿಂಗಳಲ್ಲಿ ಮಾರಾಟದ ಅಂಕಿ ಜನರಿಗೆ ಏನು ಬೇಕಿತ್ತೆಂದು ತೋರಿಸುವುದಿಲ್ಲ, ಲಾರಿಯಲ್ಲಿ ಏನು ಬಂತೆಂದು ತೋರಿಸುತ್ತದೆ.

ಬೀಡಿಯ ಮಾತಿಗೆ ನನ್ನ ಮೆಚ್ಚಿನ ಉದಾಹರಣೆ ಇನ್ನೂ ಹಿಂದಿನದು. 2000ದ ಅಕ್ಟೋಬರ್ 26ಕ್ಕೆ ಪ್ಲೇಸ್ಟೇಷನ್ 2 ಅಮೆರಿಕಕ್ಕೆ ಬರಬೇಕಿತ್ತು. ಮೊದಲ ದಿನಕ್ಕೆ 10 ಲಕ್ಷ ಯಂತ್ರ ಎಂದಿದ್ದ ಸೋನಿ, ಬಿಡಿಭಾಗ ಸಾಲದೆ 5 ಲಕ್ಷಕ್ಕೆ ಇಳಿಸಿತು. ಎದುರಾಳಿ ಸೆಗಾದ ಡ್ರೀಮ್‌ಕಾಸ್ಟ್ ಅಂಗಡಿಯಲ್ಲಿ ಬೇಕಾದಷ್ಟು ಇತ್ತು, ಬೆಲೆ 149 ಡಾಲರ್, ಪ್ಲೇಸ್ಟೇಷನ್‌ನ ಅರ್ಧ. ಆಟಗಳೂ ಚೆನ್ನಾಗಿದ್ದವು. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾರಿಗೆ ಸಿಗುತ್ತದೆ? ಜನ ಡ್ರೀಮ್‌ಕಾಸ್ಟ್ ಕೊಳ್ಳದೆ ಕಾದರು. ಪ್ಲೇಸ್ಟೇಷನ್ 2 ಡಿ.ವಿ.ಡಿ. ಕೂಡ ಓಡಿಸುತ್ತಿತ್ತು, ಹಳೆಯ ಪ್ಲೇಸ್ಟೇಷನ್ ಆಟಗಳೂ ಅದರಲ್ಲಿ ನಡೆಯುತ್ತಿದ್ದವು. 2001ರ ಜನವರಿ 31ಕ್ಕೆ ಸೆಗಾ ಡ್ರೀಮ್‌ಕಾಸ್ಟ್ ನಿಲ್ಲಿಸುವುದಾಗಿ ಹೇಳಿತು. ಆಮೇಲೆ ಅದು ಆಟದ ಯಂತ್ರವನ್ನೇ ಮಾಡಲಿಲ್ಲ. ಪ್ಲೇಸ್ಟೇಷನ್ 2 ಒಟ್ಟು 15 ಕೋಟಿ ದಾಟಿತು.

ಇಷ್ಟೆಲ್ಲ ಬಲ್ಲವನು 2021ರ ಮೇ 17ರ ಮಧ್ಯಾಹ್ನ ಏನು ಮಾಡಿದೆ? ಮಗನ ಮುಂದೆ ಅದೇ ಮೂರನೇ ಮೆಟ್ಟಿಲು ಹತ್ತಿದೆ.

‘ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಿಗ್ತಾ ಇದೆ ನೋಡು. 34,990. ನಾಳೆ ನಾಡಿದ್ದರಲ್ಲಿ ಮನೆಗೆ ಬರುತ್ತೆ.’

‘ಅದರಲ್ಲಿ ಸ್ಪೈಡರ್‌ಮ್ಯಾನ್ ಇಲ್ಲ. ಸೊಸೈಟಿಯಲ್ಲಿ ಎಲ್ಲರದೂ ಪಿಎಸ್.’

‘ಹೆಚ್ಚು ಕಡಿಮೆ ಒಂದೇ ಕಣೋ’ ಎನ್ನುವಷ್ಟರಲ್ಲಿ ನಾಲಿಗೆ ತಾನಾಗಿಯೇ ನಿಂತಿತು. ಹದಿಮೂರು ವರ್ಷದ ಹಿಂದಿನ ಆ ವಾಕ್ಯ ಮತ್ತೆ ಬಾಯಿಗೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಭಾರತದಲ್ಲಿ ಈ ಸಲದ ಆಟ ಇನ್ನೂ ವಿಚಿತ್ರವಾಗಿತ್ತು. ಹೊಸ ಎಕ್ಸ್‌ಬಾಕ್ಸ್‌ಗಳು 2020ರ ನವೆಂಬರ್ 10ಕ್ಕೆ, ದೀಪಾವಳಿಯ ವಾರದಲ್ಲೇ, ಇಲ್ಲಿಗೆ ಬಂದವು. ಪ್ಲೇಸ್ಟೇಷನ್ 5 ಬರಲಿಲ್ಲ. ಎದುರಾಳಿಯಿಲ್ಲದ ದೀಪಾವಳಿ! ಆದರೆ ದೊಡ್ಡ ಎಕ್ಸ್‌ಬಾಕ್ಸ್ ಸಹ ಕೈಗೆ ಸಿಗುವಷ್ಟು ಇರಲಿಲ್ಲ. ಯಾಕೆಂದರೆ ಇಬ್ಬರೂ ನೀರು ಸೇದುವುದು ಒಂದೇ ಬಾವಿಯಿಂದ. ಎರಡಕ್ಕೂ ಚಿಪ್ಪಿನ ವಿನ್ಯಾಸ ಎಎಂಡಿಯದು, ತಯಾರಿ ತೈವಾನಿನ ಟಿಎಸ್‌ಎಂಸಿಯದು. ಸೀರೀಸ್ ಎಸ್‌ನ ಚಿಪ್ಪು ಚಿಕ್ಕದು, ಒಂದೇ ಬಿಲ್ಲೆಯಿಂದ ಹೆಚ್ಚು ಚಿಪ್ಪು ಕತ್ತರಿಸಬಹುದು. ಹಾಗಾಗಿ ಅದೊಂದು ಅಲ್ಲಲ್ಲಿ ಸಿಗುತ್ತಿತ್ತು. ಸೋನಿಯ ಎರಡನೇ ಕ್ರಿಸ್ಮಸ್ ಮೊದಲಿಗಿಂತ ಬಡವಾಯಿತು: 2020ರ ಅಕ್ಟೋಬರ್-ಡಿಸೆಂಬರ್‌ನಲ್ಲಿ 45 ಲಕ್ಷ, 2021ರಲ್ಲಿ 39 ಲಕ್ಷ. ವರ್ಷದ ಅಂದಾಜನ್ನು 1.48 ಕೋಟಿಯಿಂದ 1.15 ಕೋಟಿಗೆ ಇಳಿಸಬೇಕಾಯಿತು.

ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಪರಿಚಯದ ಅಂಗಡಿಯವನಿಗೆ ಫೋನ್ ಮಾಡಿದ್ದೆ. 49,990ರ ಯಂತ್ರಕ್ಕೆ 72 ಸಾವಿರ ಅಂದ. ಇಟ್ಟುಬಿಟ್ಟೆ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ತಿರುಗುತ್ತಿದ್ದುದು ಆಟದ ಯಂತ್ರವಲ್ಲ, ಅವ್ವ. ಮೊದಲ ಡೋಸಿಗೆ ಅವಳೇನೂ ಆರಿಸಿಕೊಂಡಿರಲಿಲ್ಲ. ಏಪ್ರಿಲ್ ಮೊದಲ ವಾರ ಹತ್ತಿರದ ಕೇಂದ್ರದಲ್ಲಿ ಅಂದು ಇದ್ದದ್ದು ಕೋವ್ಯಾಕ್ಸಿನ್, ಹಾಕಿಸಿಕೊಂಡಳು. ಕೋವಿಶೀಲ್ಡ್ ಇದ್ದಿದ್ದರೆ ಅದನ್ನೇ ಹಾಕಿಸಿಕೊಳ್ಳುತ್ತಿದ್ದಳು. ಮೊದಲ ಡೋಸ್ ಸಕ್ಕರೆ-ಬೆಲ್ಲ. ಒಮ್ಮೆ ಹಾಕಿಸಿಕೊಂಡ ಮೇಲೆ ಬದಲಿಸುವಂತಿಲ್ಲ, ನಾಲ್ಕರಿಂದ ಆರು ವಾರದೊಳಗೆ ಅದೇ ಬೇಕು. ಎರಡನೆಯದು ಬೀಡಿ. ಮೇ ಬಂದಾಗ ಕೋವ್ಯಾಕ್ಸಿನ್ ಕರ್ನಾಟಕದಲ್ಲೂ ಇಲ್ಲ, ಇಲ್ಲಿ ಮಹಾರಾಷ್ಟ್ರದಲ್ಲೂ ಇಲ್ಲ. ಇಲ್ಲಿಯ ಸರಕಾರ 18 ದಾಟಿದವರಿಗೆಂದು ತರಿಸಿದ್ದನ್ನು 45 ದಾಟಿದವರ ಎರಡನೇ ಡೋಸಿಗೆ ತಿರುಗಿಸಿತು. ಕರ್ನಾಟಕ 14ರಿಂದ ಕಿರಿಯರ ಲಸಿಕೆಯನ್ನೇ ನಿಲ್ಲಿಸಿತು. ಅವ್ವನ ಆರು ವಾರ ಮುಗಿಯುತ್ತ ಬಂದಿತ್ತು. ಓಣಿಯಲ್ಲಿ ಆ ತಿಂಗಳು ಮೂರು ಸಾವು.

ದಿನಾ ಸಂಜೆ ಫೋನಿನಲ್ಲಿ ‘ನಾಳೆ ಬರಬಹುದು ಅವ್ವ’ ಎನ್ನುತ್ತಿದ್ದೆ. ಯಾವ ಆಧಾರವೂ ಇಲ್ಲದೆ. ಒಂದು ದಿನ ಅವಳೇ, ‘ನೀ ಆಫೀಸಿನ್ಯಾಗ ಮಾತಾಡಿದಂಗ ಮಾತಾಡಬ್ಯಾಡ. ಇಲ್ಲಂದ್ರ ಇಲ್ಲ ಅನ್ನು’ ಎಂದಳು.

ಕೊನೆಗೆ ಸಿಕ್ಕಿದ್ದು ಕೋವಿನ್‌ನಿಂದಲ್ಲ. ಅಣ್ಣನ ಮಗ ಜೂನ್ ಮೊದಲ ವಾರ ನಸುಕಿನ ಐದಕ್ಕೆ ಹೋಗಿ ಸಾಲಿನಲ್ಲಿ ನಿಂತು ಟೋಕನ್ ತಂದ. ಎಂಟು ವಾರ ಕಳೆದಿತ್ತು. ಅವ್ವ ಕೈಗೆ ಹತ್ತಿ ಒತ್ತಿಕೊಂಡು ಕೂತ ಫೋಟೊ ಕಳಿಸಿದ. ನಾನು ಅದನ್ನು ಮಗನಿಗೆ ತೋರಿಸಿದೆ. ‘ಸ್ಟಾಕ್ ಬಂತಾ?’ ಎಂದ.

ಮಗನ ಯಂತ್ರ ಬಂದದ್ದು 2023ರ ಬೇಸಿಗೆಯಲ್ಲಿ. ಆ ವರ್ಷದ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಸೋನಿಯವರು ಕೊರತೆ ಮುಗಿಯಿತು, 3 ಕೋಟಿ ದಾಟಿದೆವು ಎಂದಿದ್ದರು. ಪುಣೆಯ ಅಂಗಡಿಯಲ್ಲಿ ಡಬ್ಬಿಗಳು ಗೋಡೆಯಂತೆ ಪೇರಿಸಿದ್ದವು. ಬೆಲೆ ಅಷ್ಟರಲ್ಲಿ 54,990 ಆಗಿತ್ತು. ಎರಡು ವರ್ಷ ಕಾದದ್ದಕ್ಕೆ ಐದು ಸಾವಿರ ದಂಡ. ಅಂಗಡಿಯ ಹುಡುಗ ಮರಾಠಿಯಲ್ಲಿ, ‘ಸರ್, ಸೀರೀಸ್ ಎಸ್ ಮೇಲೆ ಆಫರ್ ಇದೆ, ಹೆಚ್ಚು ಕಡಿಮೆ ಒಂದೇ’ ಎಂದ. ಅವನ ವಯಸ್ಸು ಇಪ್ಪತ್ತೆರಡಿರಬೇಕು. ನಾನು ಬೇಡವೆಂದು ತಲೆಯಾಡಿಸಿದೆ. ಅವನಿಗೆ ಪಾಯಿಂಟ್ ಹೋಯಿತೇನೋ.

ಅವ್ವ ಆಗ ನಮ್ಮಲ್ಲೇ ಇದ್ದಳು. ಮೊಮ್ಮಗನ ಪಕ್ಕ ಸೋಫಾದಲ್ಲಿ ಕೂತು, ನ್ಯೂಯಾರ್ಕಿನ ಕಟ್ಟಡಗಳ ನಡುವೆ ಜೋತಾಡುವ ಸ್ಪೈಡರ್‌ಮ್ಯಾನನನ್ನು ಸ್ವಲ್ಪ ಹೊತ್ತು ನೋಡಿದಳು.

‘ಸಿಗವಲ್ದು ಸಿಗವಲ್ದು ಅಂತಿದ್ರೆಲ್ಲ, ಅದು ಇದೇನ?’

‘ಹೂಂ ಅಜ್ಜಿ.’

‘ಈಗ ಎಲ್ಲಾ ಕಡೆ ಸಿಗ್ತದ?’

‘ಹೂಂ.’

‘ಹಂಗಾದ್ರ ಇಷ್ಟ್ಯಾಕ ಅವಸರ ಮಾಡಿ ಜಿಗೀತಾನ ಅವ? ಊಟಾ ಮಾಡಿ ಬಂದು ಆಡು, ಏಳು’ ಎಂದು ಅವನ ಕೈಯಿಂದ ಕಂಟ್ರೋಲರ್ ಇಸಕೊಂಡು ಟೀಪಾಯಿ ಮೇಲಿಟ್ಟಳು.